ಫ್ರೆಂಚ್ ವೈದ್ಯಕೀಯ ವರದಿಯ ರಕ್ತಸಂಚಾರದ ಪದಗಳನ್ನು ಇಂಗ್ಲಿಷಿಗೆ ತರುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಹೃದಯದ ತೊಂದರೆ ಇರುವ ಒಬ್ಬರ ಫ್ರೆಂಚ್ ವರದಿ. ಹಳೆಯ ಕಾಯಿಲೆಗಳ ಸಾಲಿನಲ್ಲಿ ‘ಬಾಲ್ಯದಲ್ಲಿ ಪದೇ ಪದೇ ಆಂಜಿನ್’ ಅಂತ ಇದೆ. ಅನುವಾದದಲ್ಲಿ ಅದು ‘ರಿಕರೆಂಟ್ ಆಂಜೈನಾ’ ಆಗಿ ಬರುತ್ತದೆ. ಅಂದರೆ ಎಂಟು ವರ್ಷದ ಮಗುವಿಗೆ ಹೃದಯದ ಎದೆನೋವು! ಮೂಲದಲ್ಲಿ ಇದ್ದದ್ದು ಗಂಟಲಿನ ಸೋಂಕು, ಅಷ್ಟೇ. ಫ್ರೆಂಚಿನಲ್ಲಿ ‘ಆಂಜಿನ್’ ಅಂದರೆ ಟಾನ್ಸಿಲೈಟಿಸ್ ಅಥವಾ ಗಂಟಲುನೋವು. ಎದೆನೋವಿಗೆ ‘ಆಂಜಿನ್ ದ ಪ್ವಾತ್ರಿನ್’ ಅಥವಾ ‘ಆಂಗೋರ್’ ಅನ್ನುತ್ತಾರೆ.

ಈ ತಪ್ಪನ್ನು ಹೊಸಬರ ಕೆಲಸದಲ್ಲಿ ಎಷ್ಟು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ. ಅವರಿಗೆ ಫ್ರೆಂಚ್ ಬರುವುದಿಲ್ಲ ಅಂತಲ್ಲ. ಕಷ್ಟದ ಪದ ಯಾರನ್ನೂ ಬೀಳಿಸುವುದಿಲ್ಲ. ಅದು ಗೊತ್ತಿಲ್ಲ ಅಂತ ನಮಗೇ ಗೊತ್ತಿರುತ್ತದೆ, ನಿಘಂಟು ತೆಗೆಯುತ್ತೇವೆ. ಬೀಳಿಸುವುದು ಸುಲಭದ ಪದ. ಎರಡೂ ಭಾಷೆಯಲ್ಲಿ ಒಂದೇ ಥರ ಕಾಣುವ ಪದ. ಅಲ್ಲಿ ಯಾರೂ ನಿಲ್ಲುವುದೇ ಇಲ್ಲ, ಅಲ್ವಾ? ಈ ಮಾರ್ಗದರ್ಶಿಯ ಜಾಸ್ತಿ ಭಾಗ ಎಲ್ಲಿ ನಿಲ್ಲಬೇಕು ಅನ್ನುವುದರ ಬಗ್ಗೆಯೇ ಇದೆ.

ಒಂದು ಸೂಚನೆ. ಫ್ರೆಂಚ್ ಪದಗಳನ್ನು ಉಚ್ಚಾರಕ್ಕೆ ಹತ್ತಿರವಾಗಿ ಬರೆದಿದ್ದೇನೆ. ಸಂಕ್ಷಿಪ್ತ ರೂಪಗಳನ್ನು ಮಾತ್ರ ಇಂಗ್ಲಿಷ್ ಅಕ್ಷರ ಓದುವ ಹಾಗೆ ಬರೆದಿದ್ದೇನೆ. ಕಾಗದದ ಮೇಲೆ ಅವನ್ನು ಗುರುತಿಸಲು ಅದೇ ಸುಲಭ.

ಶುರು ಮಾಡುವ ಮುಂಚೆ ಬೇಕಾದ ಸಾಮಾನು

ಸಾಮಾನ್ಯ ನಿಘಂಟು ಈ ಕೆಲಸಕ್ಕೆ ಸಾಲದು. ಕೆನಡಾ ಸರ್ಕಾರದ ಟರ್ಮಿಯಂ ಪ್ಲಸ್, ಕ್ವಿಬೆಕ್‌ನ ಗ್ರಾಂ ದಿಕ್ಸಿಯೊನೇರ್ ತೆರ್ಮಿನೊಲೊಜಿಕ್, ಯುರೋಪಿಯನ್ ಒಕ್ಕೂಟದ ಐಎಟಿಇ – ಈ ಮೂರು ಪದಕೋಶಗಳೂ ಉಚಿತ. ಮೂರನ್ನೂ ತೆರೆದಿಟ್ಟುಕೊಳ್ಳಿ. ಇದರ ಜೊತೆಗೆ ಮೆಶ್ ಪದಪಟ್ಟಿಯ ಫ್ರೆಂಚ್ ರೂಪ ಇದೆ. ಮೆಶ್ ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನದು, ಫ್ರೆಂಚಿಗೆ ತಂದದ್ದು ಫ್ರಾನ್ಸಿನ ಇನ್ಸೆರ್ಮ್ ಸಂಸ್ಥೆ. ಒಂದು ಕಾಯಿಲೆಯ ಹೆಸರಿಗೆ ಎರಡೂ ಕಡೆ ಒಪ್ಪಿದ ಪದ ಯಾವುದು ಅಂತ ಅಲ್ಲಿ ಥಟ್ಟನೆ ಸಿಗುತ್ತದೆ.

ರಕ್ತನಾಳಗಳ ಚಿತ್ರ ಇರುವ ಒಂದು ಅಂಗರಚನೆಯ ಪುಸ್ತಕ ಬೇಕೇ ಬೇಕು. ಯಾಕೆ ಅಂತ ಮೂರನೇ ಹಂತದಲ್ಲಿ ಗೊತ್ತಾಗುತ್ತದೆ. ಕೊನೆಯದಾಗಿ ನಾಲ್ಕು ಕಾಲಂನ ಒಂದು ಹಾಳೆ: ಮೂಲ ಪದ, ಬಿಡಿಸಿದ ರೂಪ, ಇಂಗ್ಲಿಷ್ ಪದ, ಅನುಮಾನ. ಅನುಮಾನದ ಕಾಲಂ ಖಾಲಿ ಇದ್ದರೆ ನೀವು ಸಾಕಷ್ಟು ನಿಧಾನವಾಗಿ ಓದಿಲ್ಲ ಅಂತ ಅರ್ಥ.

ಹಂತ 1: ಕಾಗದ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ

ಫ್ರಾನ್ಸಿನ ಫ್ರೆಂಚ್ ಬೇರೆ, ಕ್ವಿಬೆಕ್‌ನ ಫ್ರೆಂಚ್ ಬೇರೆ. ರಕ್ತಕಣಗಳ ಎಣಿಕೆಗೆ ಫ್ರಾನ್ಸಿನಲ್ಲಿ ಎನ್‌ಎಫ್‌ಎಸ್ ಅಂತ ಬರೆದರೆ ಕ್ವಿಬೆಕ್‌ನಲ್ಲಿ ಎಫ್‌ಎಸ್‌ಸಿ ಅಂತ ಬರೆಯುತ್ತಾರೆ. ಇಂಗ್ಲಿಷಿನಲ್ಲೂ ಎರಡು ದಾರಿ ಇದೆ. ಅದೇ ಪರೀಕ್ಷೆ ಬ್ರಿಟನ್ನಿನಲ್ಲಿ ಫುಲ್ ಬ್ಲಡ್ ಕೌಂಟ್, ಅಮೆರಿಕದಲ್ಲಿ ಕಂಪ್ಲೀಟ್ ಬ್ಲಡ್ ಕೌಂಟ್. ಅನ್ನನಾಳದ ಮೂಲಕ ಮಾಡುವ ಹೃದಯದ ಎಕೋ ಫ್ರೆಂಚಿನಲ್ಲಿ ಇಟಿಒ, ಬ್ರಿಟನ್ನಿನಲ್ಲಿ ಟಿಒಇ, ಅಮೆರಿಕದಲ್ಲಿ ಟಿಇಇ. ಒಂದು ಕಡೆ ಅಡ್ರಿನಲಿನ್ ಆದದ್ದು ಇನ್ನೊಂದು ಕಡೆ ಎಪಿನೆಫ್ರಿನ್.

ಆದ್ದರಿಂದ ಮೊದಲ ಪದ ಬರೆಯುವ ಮುಂಚೆ ಕೇಳಿ: ಇದನ್ನು ಓದುವವರು ಎಲ್ಲಿಯವರು? ಓದುವವರು ವೈದ್ಯರೋ, ವಿಮಾ ಕಚೇರಿಯವರೋ, ರೋಗಿಯೋ? ವೈದ್ಯರಿಗೆ ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್, ರೋಗಿಗೆ ಹಾರ್ಟ್ ಅಟ್ಯಾಕ್. ಅರ್ಧ ದಾರಿಯಲ್ಲಿ ಇದನ್ನು ಬದಲಿಸಿದರೆ ಒಂದೇ ಕಾಗದದಲ್ಲಿ ಎರಡೂ ಕಾಗುಣಿತ ಬೆರೆತುಹೋಗುತ್ತದೆ.

ಹಂತ 2: ಸಂಕ್ಷಿಪ್ತ ರೂಪಗಳನ್ನು ಬಿಡಿಸಿ, ಆಮೇಲೆ ಮುಟ್ಟಿ

ಇಡೀ ವರದಿಯನ್ನು ಒಮ್ಮೆ ಕೊನೆಯವರೆಗೂ ಓದಿ. ಅನುವಾದ ಮಾಡಬೇಡಿ, ಸುಮ್ನೆ ಓದಿ. ಓದುತ್ತಾ ಪ್ರತಿ ಸಂಕ್ಷಿಪ್ತ ರೂಪವನ್ನೂ ಹಾಳೆಗೆ ಇಳಿಸಿ. ಆಮೇಲೆ ಒಂದೊಂದನ್ನೂ ಪೂರ್ತಿ ಫ್ರೆಂಚಿನಲ್ಲಿ ಬರೆಯಿರಿ. ಆ ಪೂರ್ತಿ ರೂಪವನ್ನು ಇಂಗ್ಲಿಷಿಗೆ ತನ್ನಿ. ಕೊನೆಗೆ ಇಂಗ್ಲಿಷಿನ ಸಂಕ್ಷಿಪ್ತ ರೂಪ. ಈ ಮೂರು ಮೆಟ್ಟಿಲಲ್ಲಿ ಒಂದನ್ನೂ ಹಾರಬೇಡಿ.

ದಿನವೂ ಎದುರಾಗುವ ಕೆಲವು ಇಲ್ಲಿವೆ. ಎಚ್‌ಟಿಎ ಅಂದರೆ ಹೈಪರ್‌ಟೆನ್ಷನ್. ‘ಆರ್ಟೀರಿಯಲ್ ಹೈಪರ್‌ಟೆನ್ಷನ್’ ಅಂತ ಎಳೆಯಬೇಕಾಗಿಲ್ಲ. ಎವಿಸಿ ಅಂದರೆ ಸ್ಟ್ರೋಕ್. ಎಐಟಿ ಅಂದರೆ ಟಿಐಎ, ಸ್ವಲ್ಪ ಹೊತ್ತಿನಲ್ಲೇ ಸರಿಹೋಗುವ ಸಣ್ಣ ಸ್ಟ್ರೋಕ್. ಐಡಿಎಂ ಅಂದರೆ ಎಂಐ, ಹೃದಯಾಘಾತ. ಟಿವಿಪಿ ಅಂದರೆ ಡಿವಿಟಿ, ಆಳದ ವೇನ್‌ನಲ್ಲಿ ಕಟ್ಟಿದ ಹೆಪ್ಪು. ಇಪಿ ಅಂದರೆ ಪಿಇ, ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡ ಹೆಪ್ಪು. ಎಫ್‌ಎ ಅಂದರೆ ಎಎಫ್, ಹೃದಯದ ಮೇಲ್ಕೋಣೆಗಳ ತಾಳ ತಪ್ಪಿದ ಬಡಿತ. ಒಎಪಿ ಅಂದರೆ ಅಕ್ಯೂಟ್ ಪಲ್ಮನರಿ ಎಡಿಮಾ. ಒಎಂಐ ಅಂದರೆ ಕಾಲಿನ ಊತ. ಅದರ ಹಿಂದೆ ಒಂದು ‘ಎ’ ಸೇರಿ ಎಒಎಂಐ ಆದರೆ ಕಾಲಿನ ಆರ್ಟರಿ ಮುಚ್ಚಿಕೊಳ್ಳುವ ಕಾಯಿಲೆ, ಪೆರಿಫೆರಲ್ ಆರ್ಟರಿ ಡಿಸೀಸ್. ಒಂದೇ ಅಕ್ಷರದಲ್ಲಿ ಊತ ಹೋಗಿ ರಕ್ತವೇ ಹರಿಯದ ಕಾಲು ಬಂತು. ಹಾಗೆಯೇ ಸಿಐವಿ ಹೃದಯದ ಕೆಳಕೋಣೆಗಳ ನಡುವಿನ ರಂಧ್ರ, ಇಂಗ್ಲಿಷಿನಲ್ಲಿ ವಿಎಸ್‌ಡಿ. ಸಿಐವಿಡಿ ಅಂದರೆ ಮೈಯೆಲ್ಲಾ ರಕ್ತ ಹೆಪ್ಪುಗಟ್ಟುವ ತುರ್ತು ಸ್ಥಿತಿ, ಡಿಐಸಿ.

ಇಲ್ಲಿನ ದೊಡ್ಡ ಅಪಾಯ ಫ್ರೆಂಚ್ ಸಂಕ್ಷಿಪ್ತ ರೂಪವನ್ನು ಹಾಗೇ ಬಿಡುವುದು. ಬಿಟ್ಟರೆ ಅದು ಖಾಲಿ ಪದವಾಗಿ ಉಳಿಯುವುದಿಲ್ಲ, ಇಂಗ್ಲಿಷಿನ ಇನ್ನೊಂದು ಪದವಾಗಿಬಿಡುತ್ತದೆ. ಫ್ರೆಂಚಿನ ಪಿಎ ಅಂದರೆ ರಕ್ತದೊತ್ತಡ, ಇಂಗ್ಲಿಷ್ ಓದುಗರಿಗೆ ಪಲ್ಮನರಿ ಆರ್ಟರಿ. ಫ್ರೆಂಚಿನ ಒಡಿ ಹೃದಯದ ಬಲ ಮೇಲ್ಕೋಣೆ, ಇಂಗ್ಲಿಷಿನಲ್ಲಿ ಅದು ಓವರ್‌ಡೋಸ್, ದಿನಕ್ಕೊಮ್ಮೆ ಅಥವಾ ಬಲಗಣ್ಣು. ಐಎಂ ಅಂತೂ ಫ್ರೆಂಚಿನಲ್ಲೇ ಎರಡು: ಎಕೋ ವರದಿಯಲ್ಲಿ ಮೈಟ್ರಲ್ ಕವಾಟದ ಸೋರಿಕೆ, ಔಷಧದ ಪಟ್ಟಿಯಲ್ಲಿ ಸ್ನಾಯುವಿಗೆ ಕೊಡುವ ಚುಚ್ಚುಮದ್ದು. ಅದು ಯಾವ ಸಾಲಿನಲ್ಲಿದೆ ಅಂತ ನೋಡದೆ ತೀರ್ಮಾನ ಮಾಡಬೇಡಿ.

ಹಂತ 3: ನಾಳಗಳ ಹೆಸರನ್ನು ಚಿತ್ರದ ಮೇಲೆ ಬೆರಳಿಟ್ಟು ನೋಡಿ

ನಾಳದ ಹೆಸರನ್ನು ಪದದಿಂದ ಪದಕ್ಕೆ ತಂದರೆ ಕೆಟ್ಟಿತು ಅಂತಲೇ ಲೆಕ್ಕ. ಚಿತ್ರದಲ್ಲಿ ಆ ನಾಳವನ್ನು ಹುಡುಕಿ, ಅಲ್ಲಿ ಬರೆದಿರುವ ಇಂಗ್ಲಿಷ್ ಹೆಸರನ್ನು ತೆಗೆದುಕೊಳ್ಳಿ.

‘ಆರ್ತೇರ್ ಯುಮೆರಾಲ್’ ತೋಳಿನ ಆರ್ಟರಿ. ಇಂಗ್ಲಿಷಿನಲ್ಲಿ ಬ್ರೇಕಿಯಲ್ ಆರ್ಟರಿ. ‘ವೆನ್ ಸ್ಯೂ-ಜೆಪಾತಿಕ್’ ನೋಡಿ ಸುಪ್ರಾಹೆಪಾಟಿಕ್ ಅಂತ ಬರೆಯಲು ಕೈ ಓಡುತ್ತದೆ. ಇಂಗ್ಲಿಷಿನಲ್ಲಿ ಅವು ಹೆಪಾಟಿಕ್ ವೇನ್ಸ್, ಅಷ್ಟೇ. ಹಳೆಯ ವರದಿಗಳ ‘ಕರೋತೀದ್ ಪ್ರಿಮಿತೀವ್’ ಪ್ರಿಮಿಟಿವ್ ಅಲ್ಲ, ಕಾಮನ್ ಕೆರೋಟಿಡ್. ಇಲಿಯಾಕ್ ಆರ್ಟರಿಗೂ ಹಾಗೆಯೇ. ಆದರೆ ಅದೇ ವಿಶೇಷಣ ರಕ್ತದೊತ್ತಡದ ಪಕ್ಕ ಬಂದರೆ ಪ್ರೈಮರಿ ಹೈಪರ್‌ಟೆನ್ಷನ್. ಮಿದುಳಿನ ಸ್ಕ್ಯಾನ್ ವರದಿಯಲ್ಲಿ ‘ಎವಿಸಿ ಸಿಲ್ವಿಯಾಂ’ ಇದ್ದರೆ ಅದು ಮಿಡಲ್ ಸೆರೆಬ್ರಲ್ ಆರ್ಟರಿಯ ಸ್ಟ್ರೋಕ್.

ಹೃದಯದ ನಾಳಗಳಲ್ಲಿ ಐವಿಎ ಅನ್ನುವುದು ಎಲ್‌ಎಡಿ, ಅಂದರೆ ಲೆಫ್ಟ್ ಆಂಟೀರಿಯರ್ ಡಿಸೆಂಡಿಂಗ್. ಫ್ರೆಂಚ್ ಹೆಸರು (ಆಂತೆರ್‌ವಾಂತ್ರಿಕ್ಯುಲೇರ್ ಆಂತೆರಿಯೋರ್, ಎರಡು ಕೆಳಕೋಣೆಗಳ ನಡುವೆ ಮುಂಭಾಗದ್ದು) ನಾಳ ಇರುವ ಜಾಗವನ್ನು ಹೇಳುತ್ತದೆ, ಇಂಗ್ಲಿಷ್ ಹೆಸರು ಅದು ಇಳಿಯುವ ದಿಕ್ಕನ್ನು. ಪದಕ್ಕೆ ಪದ ಹೊಂದಿಸಲು ಹೋದರೆ ಜನ್ಮದಲ್ಲಿ ಸಿಗುವುದಿಲ್ಲ.

‘ಒರೆಯೆತ್’ ಹೃದಯದ ಮೇಲ್ಕೋಣೆ, ಏಟ್ರಿಯಂ. ‘ಒರಿಕ್ಯುಲ್’ ಆ ಕೋಣೆಗೆ ಅಂಟಿಕೊಂಡ ಸಣ್ಣ ಚೀಲ, ಏಟ್ರಿಯಲ್ ಅಪೆಂಡೇಜ್. ಎಎಫ್ ಇರುವವರಲ್ಲಿ ಹೆಪ್ಪು ಹೆಚ್ಚಾಗಿ ಕೂರುವುದು ಎಡಗಡೆಯ ಆ ಚೀಲದಲ್ಲೇ. ಹಾಗಾಗಿ ಇವೆರಡನ್ನು ಅದಲುಬದಲು ಮಾಡಿದರೆ ವರದಿಯ ಮುಖ್ಯ ವಾಕ್ಯವೇ ಹಾಳು.

‘ಕ್ರೋಸ್’ ಅಂದರೆ ಬಾಗಿದ ಕೋಲಿನ ತುದಿ. ಅಯೋರ್ಟಾದ ಜೊತೆ ಬಂದರೆ ಅಯೋರ್ಟಿಕ್ ಆರ್ಚ್. ಕಾಲಿನ ದೊಡ್ಡ ಸಫೀನಸ್ ವೇನ್ ಜೊತೆ ಬಂದರೆ ಅದು ತೊಡೆಯ ಸಂದಿಯಲ್ಲಿ ಫೆಮರಲ್ ವೇನ್ ಸೇರುವ ಜಾಗ, ಸಫೀನೊಫೆಮರಲ್ ಜಂಕ್ಷನ್.

ಈಗ ಇಡೀ ಹಂತದ ಅತಿ ಅಪಾಯಕಾರಿ ಪದ. ‘ವೆನ್ ಫೆಮೊರಾಲ್ ಸ್ಯುಪೆರ್ಫಿಸಿಯೆಲ್’. ಸೂಪರ್‌ಫಿಶಿಯಲ್ ಫೆಮರಲ್ ವೇನ್ ಅಂತ ಬರೆದರೆ ಪದಕ್ಕೆ ಪದ ಸರಿ. ಆದರೆ ಈ ನಾಳ ಆಳದ್ದು. ಹೆಸರಿನಲ್ಲಿ ಮಾತ್ರ ಮೇಲ್ಪದರ. ಅಲ್ಲಿ ಹೆಪ್ಪು ಇದ್ದರೆ ಅದು ಡಿವಿಟಿ. ಇಂಗ್ಲಿಷ್ ಓದುವ ವೈದ್ಯರು ಆ ವಿಶೇಷಣ ನೋಡಿ ‘ಮೇಲಿನದು ತಾನೇ’ ಅಂದುಕೊಂಡು ರಕ್ತ ತೆಳು ಮಾಡುವ ಔಷಧ ಕೊಡದೇ ಬಿಡಬಹುದು. ಈಗ ಇಂಗ್ಲಿಷಿನಲ್ಲಿ ಇದಕ್ಕೆ ಬರೀ ಫೆಮರಲ್ ವೇನ್ ಅನ್ನುವುದೇ ಸರಿಯಾದ ರೂಢಿ. ಹಾಗೇ ಬರೆಯಿರಿ, ಅನುವಾದಕರ ಟಿಪ್ಪಣಿಯಲ್ಲಿ ಮೂಲ ಪದವನ್ನು ಕೊಡಿ.

ಹಂತ 4: ಒಂದೇ ಥರ ಕಾಣುವ ಪದಗಳಲ್ಲಿ ನಿಲ್ಲಿ

ನನ್ನ ಆರಂಭದ ದಿನಗಳಲ್ಲಿ ಆಸ್ಪತ್ರೆಯ ಬಿಡುಗಡೆ ಪತ್ರವೊಂದನ್ನು ತರುವಾಗ ‘ಫ್ಲೆಬಿತ್’ ಅನ್ನುವುದನ್ನು ಫ್ಲೀಬೈಟಿಸ್ ಅಂತ ಬರೆದೆ. ಪರಿಶೀಲನೆ ಮಾಡಿದ ವೈದ್ಯರು ಒಂದೇ ಪ್ರಶ್ನೆ ಕೇಳಿದರು: ‘ಇದಕ್ಕೆ ಮೂರು ತಿಂಗಳು ಹೆಪ್ಪುರೋಧಕ ಔಷಧ ಯಾಕೆ?’ ಇಂಗ್ಲಿಷಿನಲ್ಲಿ ಫ್ಲೀಬೈಟಿಸ್ ಅಂದರೆ ಸಾಮಾನ್ಯವಾಗಿ ಮೇಲ್ಪದರದ ವೇನ್‌ನ ಉರಿಯೂತ. ಫ್ರೆಂಚ್ ಮಾತಿನಲ್ಲಿ, ವೈದ್ಯರ ಪತ್ರದಲ್ಲೂ, ‘ಫ್ಲೆಬಿತ್’ ಅಂದರೆ ಹೆಚ್ಚಿನ ಸಲ ಡಿವಿಟಿಯೇ. ಉತ್ತರ ಔಷಧದ ಪಟ್ಟಿಯಲ್ಲೇ ಇತ್ತು, ನಾನು ನೋಡಿರಲಿಲ್ಲ. ಅವತ್ತಿನಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ: ಕಾಯಿಲೆಯ ಹೆಸರಿನಲ್ಲಿ ಅನುಮಾನ ಬಂದರೆ ಮೊದಲು ಚಿಕಿತ್ಸೆ ಏನು ಅಂತ ನೋಡುತ್ತೇನೆ.

‘ಆರ್ತೆರಿತ್’ ಇದರ ತಮ್ಮ. ಕಾಲಿನ ‘ಆರ್ತೆರಿತ್’ ಅಂದರೆ ಕೊಬ್ಬು ಕಟ್ಟಿ ಸಣ್ಣಗಾದ ಆರ್ಟರಿ, ಪೆರಿಫೆರಲ್ ಆರ್ಟರಿ ಡಿಸೀಸ್. ಇಂಗ್ಲಿಷಿನ ಆರ್ಟರೈಟಿಸ್ ಅಂದರೆ ಉರಿಯೂತ, ಸ್ಟೀರಾಯ್ಡ್ ಕೊಡುವ ಕಾಯಿಲೆ. ‘ಮಾಲಾದಿ ದ ಹೋರ್ತೋಂ’ ಅಂತ ಇದ್ದರೆ ಅದು ನಿಜವಾದ ಆರ್ಟರೈಟಿಸ್, ಜೈಂಟ್ ಸೆಲ್ ಆರ್ಟರೈಟಿಸ್.

‘ಬ್ರುಯಿ’ ಮತ್ತು ‘ಸೂಫ್ಲ್’ ಜೋಡಿ ವಿಚಿತ್ರ. ಇಂಗ್ಲಿಷ್ ವೈದ್ಯರು ಆರ್ಟರಿಯ ಮೇಲೆ ಸ್ಟೆತಸ್ಕೋಪ್ ಇಟ್ಟಾಗ ಕೇಳುವ ಸದ್ದಿಗೆ ಬ್ರುಯಿ ಅನ್ನುತ್ತಾರೆ. ಅದು ಫ್ರೆಂಚಿನಿಂದಲೇ ಹೋದ ಪದ. ಆದರೆ ಫ್ರೆಂಚ್ ವೈದ್ಯರು ಅದಕ್ಕೆ ‘ಸೂಫ್ಲ್’ ಅನ್ನುತ್ತಾರೆ. ಕುತ್ತಿಗೆಯ ‘ಸೂಫ್ಲ್’ ಕೆರೋಟಿಡ್ ಬ್ರುಯಿ, ಹೃದಯದ ‘ಸೂಫ್ಲ್’ ಮರ್ಮರ್. ಫ್ರೆಂಚಿನಲ್ಲಿ ಹೃದಯದ ‘ಬ್ರುಯಿ’ ಅಂದರೆ ಹಾರ್ಟ್ ಸೌಂಡ್ಸ್, ಆರೋಗ್ಯವಂತರಿಗೂ ಇರುವ ಲಬ್‌-ಡಬ್. ಅದನ್ನು ಹಾಗೇ ಬಿಟ್ಟರೆ ಸರಿಯಾಗಿರುವ ಹೃದಯಕ್ಕೆ ಇಲ್ಲದ ದೋಷ ಅಂಟುತ್ತದೆ.

‘ಪೆರ್ಫ್ಯೂಝಿಯೋಂ’ ಫ್ರೆಂಚಿನಲ್ಲಿ ಹೆಚ್ಚಿನ ಕಡೆ ಡ್ರಿಪ್. ಇಂಗ್ಲಿಷಿನ ಪರ್ಫ್ಯೂಷನ್ ಅಂಗಾಂಶದೊಳಗೆ ರಕ್ತ ಹರಿಯುವುದು. ಸ್ಕ್ಯಾನ್ ವರದಿಯಲ್ಲಿ ಎರಡನೇ ಅರ್ಥವೂ ಫ್ರೆಂಚಿನಲ್ಲಿ ಬರುತ್ತದೆ, ಹಾಗಾಗಿ ವಾಕ್ಯ ನೋಡಿ ತೀರ್ಮಾನಿಸಿ. ‘ದೆಬಿ ಕಾರ್ದಿಯಾಕ್’ ಕಾರ್ಡಿಯಾಕ್ ಔಟ್‌ಪುಟ್. ‘ಪೆರ್ಮೆಯಾಬ್ಲ್’ ಆರ್ಟರಿ ಅಂದರೆ ತೆರೆದಿರುವ ಆರ್ಟರಿ, ಇಂಗ್ಲಿಷಿನಲ್ಲಿ ಪೇಟೆಂಟ್. ಪರ್ಮಿಯಬಲ್ ಅಂತ ಬರೆದರೆ ಗೋಡೆಯಿಂದ ಏನೋ ಸೋರುತ್ತಿದೆ ಅಂತ ಆಗುತ್ತದೆ.

‘ಮಾಲೇಝ್’ ಸುಸ್ತಲ್ಲ. ತಲೆ ಸುತ್ತಿ ಬಿದ್ದದ್ದು, ಬೀಳುವ ಹಾಗಾದದ್ದು, ಒಮ್ಮೊಮ್ಮೆ ಪ್ರಜ್ಞೆ ತಪ್ಪಿದ್ದು. ‘ಮಾಲೇಝ್ ವಾಗಾಲ್’ ಅಂದರೆ ವೆಸೋವೇಗಲ್ ಎಪಿಸೋಡ್. ಪ್ರಜ್ಞೆ ತಪ್ಪಿತ್ತೋ ಇಲ್ಲವೋ ಮೂಲ ಹೇಳದಿದ್ದರೆ ನೀವೂ ಹೇಳಬೇಡಿ.

‘ಆಂಫಾರ್ಕ್ತುಸ್’ ಒಂಟಿಯಾಗಿ ಬಂದರೆ ಫ್ರೆಂಚಿನಲ್ಲಿ ಬಹುತೇಕ ಹೃದಯಾಘಾತವೇ. ಇಂಗ್ಲಿಷಿನ ಇನ್‌ಫಾರ್ಕ್ಟ್ ಯಾವ ಅಂಗದ್ದೂ ಆಗಬಹುದು, ಹಾಗಾಗಿ ಮಯೋಕಾರ್ಡಿಯಲ್ ಅಂತ ಸೇರಿಸಬೇಕು. ‘ಎಮೊರಾಜಿ ಮೆನಾಂಜೆ’ ಇಂಗ್ಲಿಷಿನಲ್ಲಿ ಸಬ್‌ಅರಾಕ್ನಾಯ್ಡ್ ಹೆಮರೇಜ್. ‘ಆಕ್ಸಿದಾಂ’ ಅಂದ ಕೂಡಲೇ ಆಕ್ಸಿಡೆಂಟ್ ಅಲ್ಲ. ಔಷಧದಿಂದ ಆದ ರಕ್ತಸ್ರಾವದ ‘ಆಕ್ಸಿದಾಂ’ ಬ್ಲೀಡಿಂಗ್ ಈವೆಂಟ್ ಆಗುತ್ತದೆ. ‘ಕ್ಯೂರ್ ದ ವಾರಿಸ್’ ನೋಡಿ ಉಬ್ಬಿದ ನಾಳ ವಾಸಿಯಾಯಿತು ಅಂತ ಸಂತೋಷಪಡಬೇಡಿ, ಅದು ವೆರಿಕೋಸ್ ವೇನ್ ಶಸ್ತ್ರಚಿಕಿತ್ಸೆ. ‘ಪೆರಿಮೆತ್ರ್ ದ ಮಾರ್ಶ್’ ಅಂದರೆ ಕಾಲುನೋವು ಬಂದು ನಿಲ್ಲುವ ಮುಂಚೆ ನಡೆಯಬಲ್ಲ ದೂರ, ವಾಕಿಂಗ್ ಡಿಸ್ಟನ್ಸ್.

‘ಆಂಜಿನ್’ಗೆ ಮತ್ತೆ ಬರುತ್ತೇನೆ, ಯಾಕೆಂದರೆ ಸಂದರ್ಭ ನೋಡಿದರೆ ಸಾಕು ಅಂತ ಹಲವರು ನಂಬಿದ್ದಾರೆ. ಇಲ್ಲಿ ಸಂದರ್ಭವೂ ಕೈಕೊಡುತ್ತದೆ. ಸ್ಟ್ರೆಪ್ಟೊಕಾಕಸ್ ಗಂಟಲುನೋವಿನಿಂದ ಸಂಧಿವಾತದ ಜ್ವರ ಬರಬಹುದು, ಅದರಿಂದ ಮೈಟ್ರಲ್ ಕವಾಟ ಕೆಡಬಹುದು. ಹಾಗಾಗಿ ಹೃದಯದ ವರದಿಯಲ್ಲೇ ಗಂಟಲಿನ ‘ಆಂಜಿನ್’ಗೆ ನ್ಯಾಯವಾದ ಜಾಗ ಇದೆ. ಹತ್ತು ಸಾಲು ಕೆಳಗೆ ಎದೆಯ ‘ಆಂಗೋರ್’ ಕೂಡ ಇರಬಹುದು. ಪದದ ಬಾಲ ನೋಡಿ, ವಯಸ್ಸು ನೋಡಿ, ‘ಆರ್‌ಎಎ’ ಅಂತ ಪಕ್ಕದಲ್ಲಿದೆಯೇ ನೋಡಿ. ಅದೇ ಸಂಧಿವಾತದ ಜ್ವರ, ಅಕ್ಯೂಟ್ ರುಮ್ಯಾಟಿಕ್ ಫೀವರ್.

ಹಂತ 5: ‘ಆಂಸುಫಿಝಾಂಸ್’ ಪದಕ್ಕೆ ಒಂದೇ ಉತ್ತರ ಇಲ್ಲ

ಈ ಪದಕ್ಕೆ ಇಂಗ್ಲಿಷಿನಲ್ಲಿ ಅಂಗಕ್ಕೊಂದು ಹೆಸರು. ಹೃದಯದ್ದು ಹಾರ್ಟ್ ಫೇಲ್ಯೂರ್. ಮೈಟ್ರಲ್ ಅಥವಾ ಅಯೋರ್ಟಿಕ್ ಕವಾಟದ್ದು ರಿಗರ್ಜಿಟೇಶನ್, ಅಂದರೆ ರಕ್ತ ಹಿಂದಕ್ಕೆ ಸೋರುವುದು. ಕಿಡ್ನಿಯದು ರೀನಲ್ ಫೇಲ್ಯೂರ್. ಕಾಲಿನ ವೇನ್‌ಗಳದು ಮಾತ್ರ ಇನ್‌ಸಫಿಶಿಯನ್ಸಿ ಆಗಿಯೇ ಉಳಿಯುತ್ತದೆ.

‘ಕಾರ್ಡಿಯಾಕ್ ಇನ್‌ಸಫಿಶಿಯನ್ಸಿ’ ಅಂತ ಬರೆದರೆ ಅರ್ಥವಾಗುವುದಿಲ್ಲ ಅಂತೇನಿಲ್ಲ. ಆದರೆ ಓದಿದವರಿಗೆ ಸ್ವಲ್ಪ ದುರ್ಬಲ ಹೃದಯ ಅನ್ನಿಸುತ್ತದೆ. ಹಾರ್ಟ್ ಫೇಲ್ಯೂರ್ ಅನ್ನುವಾಗಿನ ಗಂಭೀರತೆ ಅದರಲ್ಲಿ ಇಲ್ಲ. ಕವಾಟ ಸಣ್ಣಗಾಗಿರುವುದಕ್ಕೆ ಫ್ರೆಂಚಿನಲ್ಲಿ ‘ರೆತ್ರೆಸಿಸ್ಮಾಂ’, ಇಂಗ್ಲಿಷಿನಲ್ಲಿ ಸ್ಟೆನೋಸಿಸ್.

ಹಂತ 6: ಅಂಕಿಗಳನ್ನು ಪ್ರತ್ಯೇಕವಾಗಿ ನೋಡಿ

ಪದಗಳ ಕೆಲಸ ಮುಗಿದ ಮೇಲೆ ಅಂಕಿಗಳಿಗೆಂದೇ ಇನ್ನೊಂದು ಸುತ್ತು ಓದಿ. ಎರಡನ್ನೂ ಒಟ್ಟಿಗೆ ನೋಡಿದರೆ ಒಂದು ತಪ್ಪಿಹೋಗುತ್ತದೆ.

ಫ್ರಾನ್ಸಿನಲ್ಲಿ ರಕ್ತದೊತ್ತಡವನ್ನು 14/9 ಅಂತ ಬರೆಯುವ ರೂಢಿ ಇದೆ. ಅದು ಪಾದರಸದ ಸೆಂಟಿಮೀಟರ್ ಲೆಕ್ಕ. ಇಂಗ್ಲಿಷಿನಲ್ಲಿ 140/90 ಮಿಲಿಮೀಟರ್. ಹತ್ತರಿಂದ ಗುಣಿಸಿ, ಘಟಕವನ್ನೂ ಬರೆಯಿರಿ. 13,5/8 ಇದ್ದರೆ 135/80. ಕೆಲವು ವೈದ್ಯರು ಫ್ರೆಂಚಿನಲ್ಲೂ 140/90 ಅಂತಲೇ ಬರೆಯುತ್ತಾರೆ, ಅಲ್ಲಿ ಗುಣಿಸಬೇಡಿ. ಒಂದೇ ಕಡತದಲ್ಲಿ ಎರಡೂ ಬಂದದ್ದನ್ನು ನೋಡಿದ್ದೇನೆ.

ಫ್ರೆಂಚಿನಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಖಾಲಿ ಜಾಗ. ಹಿಮೋಗ್ಲೋಬಿನ್ 12,5 ಇದ್ದರೆ 12.5. ಪ್ಲೇಟ್‌ಲೆಟ್ 250 000 ಇದ್ದರೆ 250,000. ಖಾಲಿ ಜಾಗ ಕಣ್ಣಿಗೆ ಮೋಸ ಮಾಡುತ್ತದೆ. ಹೆಪ್ಪುರೋಧಕ ಹೆಪರಿನ್ 5 000 ಯುಐ ಅನ್ನುವುದು ಸಾಲಿನ ಕೊನೆಯಲ್ಲಿ ಮುರಿದರೆ 5 ಒಂದು ಸಾಲಿಗೆ, 000 ಇನ್ನೊಂದಕ್ಕೆ. ಸ್ಕ್ಯಾನ್ ಮಾಡಿದ ಕಾಗದದಲ್ಲಿ ಇದನ್ನು ಬೆರಳಿಟ್ಟೇ ನೋಡಬೇಕು. ಯುಐ ಇಂಗ್ಲಿಷಿನಲ್ಲಿ ಐಯು, ಇನ್ನೂ ಒಳ್ಳೆಯದೆಂದರೆ ಯೂನಿಟ್ಸ್ ಅಂತ ಪೂರ್ತಿ ಬರೆಯುವುದು.

ಸಕ್ಕರೆ ಅಂಶ ಫ್ರಾನ್ಸಿನಲ್ಲಿ ಲೀಟರಿಗೆ ಗ್ರಾಂ ಲೆಕ್ಕದಲ್ಲಿ ಬರುತ್ತದೆ. 1,10 ಅಂದರೆ ಅಮೆರಿಕದ ಲೆಕ್ಕದಲ್ಲಿ ಡೆಸಿಲೀಟರಿಗೆ 110 ಮಿಲಿಗ್ರಾಂ, ಬ್ರಿಟನ್ನಿನ ಲೆಕ್ಕದಲ್ಲಿ ಲೀಟರಿಗೆ 6.1 ಮಿಲಿಮೋಲ್. ಹೇಳದೆ ಕೇಳದೆ ಬದಲಿಸುವುದು ನನಗೆ ಸರಿ ಕಾಣುವುದಿಲ್ಲ. ಮೂಲ ಅಂಕಿ ಮತ್ತು ಘಟಕ ಹಾಗೇ ಇರಲಿ, ಬದಲಿಸಿದ್ದು ಅನುವಾದಕರ ಟಿಪ್ಪಣಿಯಾಗಿ ಪಕ್ಕದಲ್ಲಿ ಬರಲಿ. ರಕ್ತದೊತ್ತಡಕ್ಕೂ ಹಾಗೆಯೇ ಒಂದು ಟಿಪ್ಪಣಿ ಸಾಕು.

ದಿನಾಂಕ 03/04 ಅಂದರೆ ಏಪ್ರಿಲ್ 3. ಅಮೆರಿಕದ ಓದುಗರಿಗೆ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ.

ಹಂತ 7: ಹೆಪ್ಪುಗಟ್ಟುವಿಕೆಯ ಪರೀಕ್ಷೆಗಳು

ಇದಕ್ಕೆ ಬೇರೆ ಹಂತವನ್ನೇ ಇಟ್ಟಿದ್ದೇನೆ. ಇಲ್ಲಿ ದಿಕ್ಕೇ ತಿರುಗುತ್ತದೆ.

ಫ್ರೆಂಚಿನ ಟಿಪಿ ಶೇಕಡಾ ಲೆಕ್ಕ. ಸಾಮಾನ್ಯವಾಗಿ 70ರಿಂದ 100 ಇರಬೇಕು. ಇಂಗ್ಲಿಷಿನ ಪಿಟಿ ಸೆಕೆಂಡ್ ಲೆಕ್ಕ. ಎರಡೂ ಪ್ರೋತ್ರಾಂಬಿನ್ (ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್) ಪರೀಕ್ಷೆಯೇ, ಆದರೆ ಒಂದು ಇಳಿದರೆ ಇನ್ನೊಂದು ಏರುತ್ತದೆ. ರಕ್ತ ನಿಧಾನವಾಗಿ ಹೆಪ್ಪುಗಟ್ಟುತ್ತಿದ್ದರೆ ಫ್ರೆಂಚ್ ವರದಿ ‘ಟಿಪಿ ಕಡಿಮೆ’ ಅನ್ನುತ್ತದೆ, ಇಂಗ್ಲಿಷ್ ವರದಿ ‘ಪಿಟಿ ಪ್ರೊಲಾಂಗ್ಡ್’ ಅನ್ನುತ್ತದೆ. ‘ಲೋ ಪಿಟಿ’ ಅಂತ ಬರೆದಿರೋ, ಅರ್ಥ ಉಲ್ಟಾ. ಟಿಪಿ 30 ಶೇಕಡಾ ಇದ್ದರೆ ಅದನ್ನು ಸೆಕೆಂಡ್ ಮಾಡಲು ಹೋಗಬೇಡಿ. ಪ್ರೋತ್ರಾಂಬಿನ್ ಆಕ್ಟಿವಿಟಿ, ಸಾಮಾನ್ಯ ಮಟ್ಟದ 30 ಶೇಕಡಾ ಅಂತ ಬರೆಯಿರಿ. ಪಕ್ಕದಲ್ಲಿ ಐಎನ್‌ಆರ್ ಇದ್ದರೆ ನಿಮ್ಮ ಅದೃಷ್ಟ. ಅದೇ ಪರೀಕ್ಷೆಯ ಅಂತರರಾಷ್ಟ್ರೀಯ ಲೆಕ್ಕವಾದ ಅದು ಎರಡೂ ಭಾಷೆಯಲ್ಲಿ ಒಂದೇ.

ಟಿಸಿಎ ಅಂದರೆ ಎಪಿಟಿಟಿ, ಹೆಪ್ಪುಗಟ್ಟಲು ಹಿಡಿಯುವ ಸಮಯದ ಇನ್ನೊಂದು ಪರೀಕ್ಷೆ. ಅದೇ ಹಾಳೆಯಲ್ಲಿ ಬೇರೆ ರಕ್ತಪರೀಕ್ಷೆಗಳೂ ಇರಬಹುದು. ವಿಎಸ್ (ಕೆಂಪು ರಕ್ತಕಣಗಳು ತಳಕ್ಕಿಳಿಯುವ ವೇಗ) ಅಂದರೆ ಇಎಸ್‌ಆರ್. ವಿಜಿಎಂ (ಕೆಂಪು ರಕ್ತಕಣದ ಸರಾಸರಿ ಗಾತ್ರ) ಅಂದರೆ ಎಂಸಿವಿ.

ಹಂತ 8: ಔಷಧದ ಹೆಸರು

ಬ್ರ್ಯಾಂಡ್ ಹೆಸರನ್ನು ನಂಬಬೇಡಿ. ಕಾರ್ದೆಜಿಕ್ ಅನ್ನುವುದು ಆಸ್ಪಿರಿನ್. ಲಾಸಿಲಿಕ್ಸ್ ಫ್ಯೂರೋಸೆಮೈಡ್. ಲೊವೆನೊಕ್ಸ್ ಎನೊಕ್ಸಾಪರಿನ್, ಬ್ರಿಟನ್ನಿನಲ್ಲಿ ಅದು ಕ್ಲೆಕ್ಸೇನ್ ಅನ್ನುವ ಹೆಸರಿನಲ್ಲಿ ಬರುತ್ತದೆ. ಪ್ರೆವಿಸ್ಕಾಂ ಅಂದರೆ ಫ್ಲೂಯಿಂಡಿಯೋನ್. ಇದು ವಾರ್ಫರಿನ್‌ನ ಗುಂಪಿನದು, ಆದರೆ ವಾರ್ಫರಿನ್ ಅಲ್ಲ. ಹತ್ತಿರ ಇದೆ ಅಂತ ಬದಲಿಸುವ ಹಕ್ಕು ನಮಗಿಲ್ಲ. ಬ್ರ್ಯಾಂಡ್ ಹೆಸರು ಹಾಗೇ ಇಟ್ಟು ಪಕ್ಕದಲ್ಲಿ ಔಷಧದ ಅಂತರರಾಷ್ಟ್ರೀಯ ಹೆಸರು ಕೊಡಿ.

ಎವಿಕೆ ಅಂದರೆ ವಿಟಮಿನ್ ಕೆ ಆಂಟಗೊನಿಸ್ಟ್, ಎಚ್‌ಬಿಪಿಎಂ ಅಂದರೆ ಎಲ್‌ಎಂಡಬ್ಲ್ಯುಎಚ್ (ಲೋ ಮಾಲಿಕ್ಯುಲರ್ ವೇಟ್ ಹೆಪರಿನ್), ಎಒಡಿ ಅಂದರೆ ಡಿಒಎಸಿ (ಡೈರೆಕ್ಟ್ ಓರಲ್ ಆಂಟಿಕೋಆಗ್ಯುಲಂಟ್). ಮೂರೂ ಹೆಪ್ಪುರೋಧಕಗಳು. ‘ರೆಲೇ’ ಅನ್ನುವ ಪದ ಬಂದರೆ ಒಂದು ಔಷಧದಿಂದ ಇನ್ನೊಂದಕ್ಕೆ ದಾಟಿಸಿದ್ದಾರೆ ಅಂತ ಅರ್ಥ.

ಹಂತ 9: ಎಷ್ಟು, ಎಷ್ಟು ಖಚಿತ

ಕಾಯಿಲೆಯ ಹೆಸರು ಸರಿ ಬಂದರೂ ಅದರ ಪಕ್ಕದ ಸಣ್ಣ ಪದ ಕೆಟ್ಟರೆ ವರದಿ ಕೆಟ್ಟ ಹಾಗೇ. ‘ದಿಸ್ಕ್ರೆ’ ಅಂದರೆ ಮೈಲ್ಡ್, ಸ್ವಲ್ಪ. ಡಿಸ್ಕ್ರೀಟ್ ಅಲ್ಲ. ‘ಆಂಪೊರ್ತಾಂ’ ಊತ ಅಂದರೆ ಮಾರ್ಕ್ಡ್, ಜೋರಾಗಿರುವುದು. ‘ಸೆರೆ’ ಸ್ಟೆನೋಸಿಸ್ ಅಂದರೆ ಟೈಟ್, ತೀವ್ರ. ‘ಎವಾಂತ್ಯುಯೆಲ್’ ಅಂದರೆ ಪಾಸಿಬಲ್, ಆಗಬಹುದು. ಇಂಗ್ಲಿಷಿನ ಈವೆಂಚುವಲ್ ಅಂದರೆ ಕೊನೆಗೆ ಆಗಿಯೇ ಆಗುವುದು. ‘ಬೈಪಾಸ್ ಬೇಕಾಗಬಹುದು’ ಅನ್ನುವುದಕ್ಕೂ ‘ಕೊನೆಗೆ ಬೈಪಾಸ್’ ಅನ್ನುವುದಕ್ಕೂ ರೋಗಿಗೆ ಎಷ್ಟು ವ್ಯತ್ಯಾಸ ಅಂತ ಯೋಚಿಸಿ.

‘ಎವೋಕೆ’ ಬಂದರೆ ಸಜೆಸ್ಟಿವ್ ಆಫ್. ಹೆಪ್ಪು ಇದ್ದಂತೆ ಕಾಣುತ್ತಿದೆ, ಇದೆ ಅಂತ ಇನ್ನೂ ಹೇಳಿಲ್ಲ. ‘ನೋಸಿಯೋಂ ದ’ ಬಂದರೆ ಯಾರೋ ಹೇಳಿದ್ದು, ದಾಖಲೆ ನೋಡಿದ್ದಲ್ಲ. ರಿಪೋರ್ಟೆಡ್ ಅನ್ನಿ. ‘ಕೋಂತ್ರೋಲ್’ ಎಕೋ ಅಂದರೆ ಫಾಲೋ-ಅಪ್ ಎಕೋ. ವೈದ್ಯರು ಅನುಮಾನ ಬಿಟ್ಟ ಜಾಗದಲ್ಲಿ ನೀವು ಖಚಿತ ಮಾಡಬೇಡಿ. ಅವರು ಖಚಿತವಾಗಿ ಹೇಳಿದ್ದನ್ನು ಮೆತ್ತಗೆ ಮಾಡಲೂಬೇಡಿ.

ಹಂತ 10: ಮೂಲ ಮುಚ್ಚಿಟ್ಟು ಓದಿ, ಉಳಿದದ್ದನ್ನು ಕೇಳಿ

ಒಂದು ರಾತ್ರಿ ಬಿಟ್ಟು, ಫ್ರೆಂಚ್ ಕಾಗದ ಮುಚ್ಚಿಟ್ಟು, ಇಂಗ್ಲಿಷನ್ನು ಮಾತ್ರ ಓದಿ. ಈ ರೋಗಿಗೆ ಏನಾಗಿದೆ, ಏನು ಕೊಟ್ಟಿದ್ದಾರೆ, ಎರಡಕ್ಕೂ ಹೊಂದುತ್ತದೆಯೇ? ಹೊಂದದಿದ್ದರೆ ಅಲ್ಲಿ ಒಂದು ಪದ ತಪ್ಪಿರುವ ಸಾಧ್ಯತೆ ಇದೆ. ಮೇಲ್ಪದರದ ಉರಿಯೂತಕ್ಕೆ ತಿಂಗಳುಗಟ್ಟಲೆ ಹೆಪ್ಪುರೋಧಕ, 14/9 ಬಿಪಿ ಇರುವ ವ್ಯಕ್ತಿ ಆರಾಮಾಗಿ ಮಾತಾಡುತ್ತಿರುವುದು, ಕಾಲಿನ ‘ಆರ್ಟರೈಟಿಸ್’ಗೆ ಸಿಗರೇಟು ಬಿಡಿ ಅನ್ನುವ ಸಲಹೆ ಮಾತ್ರ – ಇಂಥವು ಕಂಡರೆ ನಿಲ್ಲಿ. ಇಂಗ್ಲಿಷಿನಲ್ಲಿ ಫ್ರೆಂಚ್ ಕ್ರಮದ ಸಂಕ್ಷಿಪ್ತ ರೂಪ ಉಳಿದಿದೆಯೇ ಅಂತಲೂ ಹುಡುಕಿ. ಎಡ ಬಲ ಒಂದೊಂದಾಗಿ ತಾಳೆ ನೋಡಿ. ‘ಗೋಶ್’ ಎಡ, ‘ದ್ರ್ವಾ’ ಬಲ. ಗೊತ್ತಿದ್ದೂ ಆಯಾಸದಲ್ಲಿ ತಪ್ಪುವ ಜಾಗ ಇದು.

ಇಷ್ಟಾದ ಮೇಲೂ ಅನುಮಾನದ ಕಾಲಂನಲ್ಲಿ ಒಂದೆರಡು ಉಳಿಯುತ್ತವೆ. ಊಹಿಸಿ ತುಂಬಬೇಡಿ. ಕೆಲಸ ಕೊಟ್ಟವರಿಗೆ ಚಿಕ್ಕದಾಗಿ, ಉತ್ತರಿಸಲು ಸುಲಭವಾಗುವ ಹಾಗೆ ಬರೆಯಿರಿ: ‘ಪುಟ 2, ಸಾಲು 7. ಐಎಂ ಅಂತ ಇದೆ. ಪಕ್ಕದಲ್ಲಿ ಡೋಸ್ ಇಲ್ಲ, ಎಕೋ ವಿವರವೂ ಇಲ್ಲ. ಕವಾಟದ ಸೋರಿಕೆಯೋ, ಸ್ನಾಯುವಿನ ಚುಚ್ಚುಮದ್ದೋ? ದಯವಿಟ್ಟು ಬರೆದ ವೈದ್ಯರನ್ನು ಕೇಳಿ ತಿಳಿಸಿ.’ ಉತ್ತರ ಬರುವವರೆಗೆ ಆ ಜಾಗದಲ್ಲಿ ಮೂಲದ ಅಕ್ಷರಗಳನ್ನು ಚೌಕ ಆವರಣದಲ್ಲಿ ಇಟ್ಟು, ‘ಅಸ್ಪಷ್ಟ’ ಅಂತ ಗುರುತು ಹಾಕಿ ಕಳಿಸಿ.